ಹೇಳಿ ಮಾಡಿಸಿದ ಕತ್ತಿ, ಹೇಳದೆ ಕೊಂಡವರು

ಬಾಬ್ ಲವ್‌ಲೆಸ್ ಎಂಬ ಅಮೆರಿಕನ್ ಕುಶಲಕರ್ಮಿ ಮಾಡಿದ ಬೇಟೆ ಚೂರಿಯ ಅಲಗು ಸುಮಾರು ಮೂರೂವರೆಯಿಂದ ನಾಲ್ಕು ಇಂಚು. ನಮ್ಮ ಮನೆಗಳಲ್ಲಿ ಹುರುಳಿಕಾಯಿ ಹೆಚ್ಚುವ ಚಾಕು ಎಷ್ಟೋ ಸಲ ಅದಕ್ಕಿಂತ ಉದ್ದ ಇರುತ್ತದೆ. ಆ ಪುಟ್ಟ ಚೂರಿಗೆ ಇವತ್ತು ಸಾವಿರಾರು ಡಾಲರ್ ಬೆಲೆ. ಅಪರೂಪದ ಮಾದರಿ, ಬೇಕಾದ ಮುದ್ರೆ, ಒಂದೂ ಗೀರಿಲ್ಲದ ಮೈ ಇದ್ದರೆ ಹತ್ತಾರು ಸಾವಿರ. ಇಷ್ಟು ಕೊಟ್ಟು ಕೊಂಡವರು ಅದರಲ್ಲಿ ಜಿಂಕೆಯ ಚರ್ಮ ಸುಲಿಯುವುದಿರಲಿ, ಒಂದು ಲಕೋಟೆಯನ್ನೂ ಸೀಳುವುದಿಲ್ಲ.

ಕತೆ, ಕಾದಂಬರಿ, ಸಿನಿಮಾಗಳ ವಿಮರ್ಶೆ ಓದುವ ನಿಮಗೆ ಚೂರಿಯ ವಿಮರ್ಶೆ ಯಾಕೆ ಎನ್ನಿಸಬಹುದು. ಕೈಯಿಂದ ಮಾಡಿದ ಬೇಟೆ ಚೂರಿಗಳ ಬಗ್ಗೆ ಇಂಗ್ಲಿಷಿನಲ್ಲಿ ರಾಶಿ ರಾಶಿ ಬರವಣಿಗೆ ಇದೆ. ದೊಡ್ಡ ದೊಡ್ಡ ಫೋಟೋ ಪುಸ್ತಕಗಳಿವೆ, ಬೆಲೆಯ ಪಟ್ಟಿಗಳಿವೆ, ಯಾವ ವರ್ಷ ಯಾವ ಮುದ್ರೆ ಎಂಬ ಕೋಷ್ಟಕಗಳಿವೆ. ಇಲ್ಲದಿರುವುದು ಒಂದೇ: ಈ ಚೂರಿ ಚೆನ್ನಾಗಿದೆಯೇ, ಯಾಕೆ ಚೆನ್ನಾಗಿದೆ ಎಂದು ನೇರವಾಗಿ ಕೇಳುವ ಬರಹ ತೀರಾ ಕಡಿಮೆ. ಕವಿಯ ಹಸ್ತಪ್ರತಿಗೆ ಹರಾಜಿನಲ್ಲಿ ಎಷ್ಟು ಬಂತು ಎಂದು ಬರೆದವರು ನೂರು ಜನ, ಕವಿತೆ ಓದಿದವರು ಮೂರು ಜನ ಎಂಬಂಥ ಸ್ಥಿತಿ.

ಇಂಥ ಚೂರಿಗಳನ್ನು ಅಲ್ಲಿ 'ಕಸ್ಟಮ್' ಎನ್ನುತ್ತಾರೆ. ನಮ್ಮ ಐಟಿ ಕೆಲಸದಲ್ಲಿ ಈ ಪದ ಸವೆದು ಸವೆದು ಅರ್ಥ ಕಳೆದುಕೊಂಡಿದೆ. ಒಂದು ಬಟನ್ನಿನ ಬಣ್ಣ ಬದಲಿಸಿದರೂ ಕಸ್ಟಮೈಸೇಶನ್ ಎಂದು ಬಿಲ್ ಹಾಕುತ್ತೇವೆ. ಕನ್ನಡದಲ್ಲಿ ಇದಕ್ಕೆ ಬಲು ಚೆಂದದ ಮಾತಿದೆ, ಹೇಳಿ ಮಾಡಿಸಿದ್ದು. ಅಂಗಿಯಾಗಲಿ, ಗಂಡು-ಹೆಣ್ಣಿನ ಜೋಡಿಯಾಗಲಿ, ಸರಿಯಾಗಿ ಹೊಂದಿದರೆ 'ಹೇಳಿ ಮಾಡಿಸಿದ ಹಾಗಿದೆ' ಅನ್ನುತ್ತೇವೆ. ಆ ಮಾತಿನಲ್ಲಿ ಇಬ್ಬರಿದ್ದಾರೆ ನೋಡಿ: ಹೇಳಿದವನು, ಮಾಡಿದವನು. ನನ್ನ ಕೈ ಇಷ್ಟಗಲ, ನಾನು ಈ ಪ್ರಾಣಿಯ ಬೇಟೆ ಆಡುವವನು, ನನ್ನ ಊರಿನಲ್ಲಿ ಹಿಮ ಬೀಳುತ್ತದೆ ಎಂದು ಹೇಳಿದವನೂ ಆ ಚೂರಿಯ ಅರ್ಧ ಕರ್ತೃ. ಸಂಗ್ರಹದ ಲೋಕದಲ್ಲಿ ಮೊದಲು ಕಾಣೆಯಾಗುವುದು ಅವನೇ. ಆಮೇಲೆ ಉಳಿಯುವುದು ಮಾಡಿದವನ ಹೆಸರು. ಈ ಲೇಖನದ ತಕರಾರು ಅಷ್ಟೇ. ಆದರೆ ಅದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ಸ್ವಲ್ಪ ವಂಶಾವಳಿ ಬೇಕು. ಮಿಶಿಗನ್ ರಾಜ್ಯದಲ್ಲಿ ವಿಲಿಯಂ ಸ್ಕೇಗಲ್ ಎಂಬ ಒಂಟಿ ಮನುಷ್ಯನಿದ್ದ, 1873ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ. ಕೈಗೆ ಸಿಕ್ಕ ಸಾಮಾನಿನಲ್ಲಿ ಚೂರಿ ಮಾಡುತ್ತಿದ್ದ. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ, ನಡುನಡುವೆ ಹಿತ್ತಾಳೆ ಮತ್ತು ಬಣ್ಣದ ಫೈಬರ್ ಸೇರಿಸಿ, ಕೊನೆಗೆ ಜಿಂಕೆ ಕೊಂಬಿನ ತುಂಡು ಕೂರಿಸಿದ ಹಿಡಿ ಅವನ ಗುರುತು. ಪೋಲಿಯೋ ಬಡಿದ ಮಕ್ಕಳಿಗೆ ದುಡ್ಡು ತೆಗೆದುಕೊಳ್ಳದೆ ಕಾಲಿನ ಕಟ್ಟುಗಳನ್ನೂ ಮಾಡಿಕೊಡುತ್ತಿದ್ದ. ಹೇಳಿ ಮಾಡಿಸಿದ್ದು ಎಂದರೆ ಏನು ಎಂಬುದಕ್ಕೆ ಆ ಕಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1930ರ ದಶಕದಲ್ಲಿ ಫ್ಲೋರಿಡಾದ ಬೋ ರ‍್ಯಾಂಡಲ್, ಯಾರೋ ಸ್ಕೇಗಲ್ ಚೂರಿಯಿಂದ ದೋಣಿಯ ಬಣ್ಣ ಹೆರೆಯುತ್ತಿದ್ದುದನ್ನು ಕಂಡ. ಅಷ್ಟು ಹೆರೆದರೂ ಬಾಯಿ ಮೊಂಡಾಗಲಿಲ್ಲ. ಆ ಚೂರಿಯನ್ನು ಕೊಂಡುಕೊಂಡು, ತಾನೇ ಮಾಡಲು ಕೂತ. ಓರ್ಲ್ಯಾಂಡೊದಲ್ಲಿ ಅವನ ಮನೆತನದ ಕಾರ್ಯಾಗಾರ ಇಂದಿಗೂ ಇದೆ, ಆರ್ಡರ್ ಕೊಟ್ಟರೆ ವರ್ಷಗಟ್ಟಲೆ ಕಾಯಬೇಕು.

ಲವ್‌ಲೆಸ್ ಕತೆ ಶುರುವಾಗುವುದೂ ಇಂಥ ಕಾಯುವಿಕೆಯಿಂದಲೇ. 1953ರಲ್ಲಿ ಅವನು ಹಡಗಿನ ಕೆಲಸದಲ್ಲಿದ್ದ ಹುಡುಗ. ನ್ಯೂಯಾರ್ಕಿನ ಆಬರ್‌ಕ್ರೋಂಬಿ ಅಂಡ್ ಫಿಚ್ ಅಂಗಡಿಗೆ ರ‍್ಯಾಂಡಲ್ ಚೂರಿ ಕೇಳಿಕೊಂಡು ಹೋದ. (ಈಗ ಮಾಲ್‌ಗಳಲ್ಲಿ ಹದಿಹರೆಯದವರು ಮುಗಿಬೀಳುವ ಬಟ್ಟೆ ಬ್ರ್ಯಾಂಡ್ ಇದೇ, ಆಗ ಅದು ಬೇಟೆಗಾರರ, ಮೀನು ಹಿಡಿಯುವವರ, ಪ್ರವಾಸಿಗರ ದೊಡ್ಡ ಅಂಗಡಿ.) ಒಂಬತ್ತು ತಿಂಗಳು ಕಾಯಬೇಕು ಎಂದರು. ಕಾಯುವವರು ಯಾರು ಎಂದು, 1937ರ ಪ್ಯಾಕರ್ಡ್ ಕಾರಿನ ಉಕ್ಕಿನ ತುಂಡು ಹುಡುಕಿ ತಾನೇ ಒಂದು ಚೂರಿ ಮಾಡಿಕೊಂಡ. ಆಮೇಲೆ ಅದೇ ಅಂಗಡಿ ಅವನ ಚೂರಿಗಳನ್ನು ಮಾರತೊಡಗಿತು. ಆಗ ಅವನ ಮನೆ ಡೆಲವೇರ್ ರಾಜ್ಯದಲ್ಲಿ. ಆ ಚೂರಿಗಳ ಮೇಲೆ 'ಡೆಲವೇರ್ ಮೇಡ್' ಎಂಬ ಹೆಸರು. ಇವತ್ತು ಆ ಎರಡು ಪದ ಇರುವ ಒಂದು ಚೂರಿಗಾಗಿ ಜನ ವರ್ಷಾನುಗಟ್ಟಲೆ ಹುಡುಕುತ್ತಾರೆ. ಕಾಯಲೊಲ್ಲದೆ ಮಾಡಿದವನ ಕೆಲಸಕ್ಕಾಗಿ ಕಾಯುವವರು.

ಇನ್ನು ಚೂರಿಯನ್ನೇ ನೋಡೋಣ. ಲವ್‌ಲೆಸ್‌ನ ಹೆಸರು ಅಂಟಿಕೊಂಡಿರುವುದು 'ಡ್ರಾಪ್ ಪಾಯಿಂಟ್ ಹಂಟರ್' ಎಂಬ ಆಕಾರಕ್ಕೆ. ಶುದ್ಧ ಸಸ್ಯಾಹಾರಿ ಓದುಗರು ಮುಂದಿನ ಐದಾರು ವಾಕ್ಯ ಹಾರಿಸಿಕೊಳ್ಳಲಿ. ಹೊಡೆದ ಜಿಂಕೆಯ ಹೊಟ್ಟೆಯನ್ನು ಬೇಟೆಗಾರ ಅಲ್ಲೇ ಕಾಡಿನಲ್ಲೇ ಬಿಡಿಸಬೇಕು. ಚರ್ಮದಲ್ಲಿ ಸಣ್ಣ ತೂತು ಮಾಡಿ, ಚೂರಿಯ ಬಾಯಿಯನ್ನು ಮೇಲ್ಮುಖವಾಗಿ ಒಳಕ್ಕೆ ತೂರಿಸಿ, ಜಿಪ್ ಎಳೆದಂತೆ ಎಳೆಯುತ್ತಾ ಹೋಗಬೇಕು. ಆಗ ಮೊನೆ ಕರುಳಿಗೆ ತಾಗಿತೋ, ಮಾಂಸವೆಲ್ಲ ಹಾಳು. ಹಳೆಯ ಬೋವೀ ಮಾದರಿ ಚೂರಿಗಳ ಮೊನೆ ಬೆನ್ನಿನ ಸಾಲಿನಲ್ಲೇ ಎದ್ದು ನಿಂತಿರುತ್ತದೆ. ತಿರುಗಿಸಿ ಹಿಡಿದರೆ ಅದು ಚುಚ್ಚುವುದು ಸರಿಯಾಗಿ ಕರುಳಿಗೇ. ಲವ್‌ಲೆಸ್ ಆ ಮೊನೆಯನ್ನು ಬೆನ್ನಿನಿಂದ ನಿಧಾನವಾಗಿ ಬಾಗಿಸಿ ಕೆಳಗಿಳಿಸಿದ, ಹೆಚ್ಚುಕಮ್ಮಿ ಅಲಗಿನ ನಡುಗೆರೆಯ ತನಕ.

ಈ ಆಕಾರವನ್ನು ಅವನು ಶೂನ್ಯದಿಂದ ಸೃಷ್ಟಿಸಲಿಲ್ಲ. ಮೊನೆ ಇಳಿದ ಚೂರಿಗಳು ಮೊದಲೂ ಇದ್ದವು. ಆದರೆ ಬೇಟೆಯ ಕೆಲಸಕ್ಕೆ ಎಷ್ಟು ಇಳಿಯಬೇಕು, ಎಲ್ಲಿಂದ ಇಳಿಯಬೇಕು ಎಂಬ ಅಳತೆಯನ್ನು ಅವನಷ್ಟು ಖಚಿತವಾಗಿ ಕೂರಿಸಿದವರು ಇಲ್ಲ. ಇವತ್ತು ಜಗತ್ತಿನ ಯಾವುದೇ ಅಂಗಡಿಯಲ್ಲಿ ಕ್ಯಾಂಪಿಂಗ್ ಚಾಕು ಕೊಂಡರೂ ಆ ಬಾಗು ಅದರಲ್ಲಿ ಇರುವ ಸಂಭವ ಹೆಚ್ಚು.

ಬಾಗಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಹೆಚ್ಚು ಇಷ್ಟವಾಗುವುದು ಕಣ್ಣಿಗೆ ಕಾಣದ ಇನ್ನೊಂದು ಸಂಗತಿ. ಅಲಗಿನ ಉಕ್ಕು ಹಿಡಿಯೊಳಗೂ ಮುಂದುವರಿಯುತ್ತದಲ್ಲ, ಆ ನಾಲಿಗೆಗೆ ಟ್ಯಾಂಗ್ ಎನ್ನುತ್ತಾರೆ. ಗಟ್ಟಿಮುಟ್ಟಾದ ಚೂರಿಗೆ ಟ್ಯಾಂಗ್ ಹಿಡಿಯ ಪೂರ್ತಿ ಅಗಲ, ಪೂರ್ತಿ ಉದ್ದ ಇರಬೇಕು. ಹಾಗೆ ಮಾಡಿದರೆ ಹಿಂಭಾಗ ಭಾರವಾಗಿ, ಚೂರಿ ಅಂಗೈಯಲ್ಲಿ ಹಿಂದಕ್ಕೆ ವಾಲುತ್ತದೆ. ಲವ್‌ಲೆಸ್ ಆ ನಾಲಿಗೆಯನ್ನು ಹಿಂದಕ್ಕೆ ಹೋದಂತೆ ತೆಳ್ಳಗೆ ಮಾಡುತ್ತಾ ಬಂದ. ಬಲ ಹೋಗುವುದಿಲ್ಲ, ತೂಕ ಹೋಗುತ್ತದೆ, ತೋರುಬೆರಳು ಇರುವಲ್ಲೇ ಸಮತೋಲ ಬಂದು ನಿಲ್ಲುತ್ತದೆ. ಎರಡೂ ಮೈ ಒಂದೇ ಸಮ ತೆಳುವಾಗಬೇಕು, ಮೇಲೆ ಕೂರುವ ಹಿಡಿಯ ಹಲ್ಲೆಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಎಷ್ಟು ರಗಳೆಯ ಕೆಲಸ ಎಂದರೆ ಕಾರ್ಖಾನೆಗಳು ಸಾಮಾನ್ಯವಾಗಿ ಅದರ ತಂಟೆಗೇ ಹೋಗುವುದಿಲ್ಲ. ಹಲ್ಲೆ ಮತ್ತು ಉಕ್ಕಿನ ನಡುವೆ ಕೆಂಪು ಫೈಬರಿನ ತೆಳು ಪದರ ಇಡುತ್ತಿದ್ದ. ಪಕ್ಕದಿಂದ ನೋಡಿದರೆ ಕೆಂಪು ಗೆರೆ, ಬರೀ ಅಲಂಕಾರ ಎನ್ನಿಸುತ್ತದೆ. ಕೊಂಬು, ಮರ ಹವೆಗೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ, ಉಕ್ಕು ಹಾಗಲ್ಲ. ಎರಡರ ಜಗಳದಲ್ಲಿ ನಡುವೆ ನಿಂತು ಏಟು ತಿನ್ನುವುದು ಆ ಪದರ. ಒರೆಯೂ ಹಾಗೆಯೇ ಯೋಚಿಸಿದ್ದು: ಪಟ್ಟಿ, ಗುಂಡಿ ಏನೂ ಇಲ್ಲದ ಚರ್ಮದ ಚೀಲ, ಹಿಡಿಯ ಬಹುಪಾಲನ್ನೂ ನುಂಗಿ ಹಿಡಿದುಕೊಳ್ಳುತ್ತದೆ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಗುಂಡಿ ಬಿಚ್ಚುವ ಪಾಡಿಲ್ಲ.

ಇದೆಲ್ಲವೂ ಬಳಸುವವನ ಕೈಗೆ ಬರೆದ ಕಾಗದದ ಹಾಗಿದೆ. ಪ್ರತಿ ಅಳತೆಯ ಹಿಂದೆ ಒಂದು ಕೆಲಸ, ಒಂದು ಅಪಾಯ, ಒಂದು ಹವಾಮಾನ ಇದೆ. ವರ್ಷಗಟ್ಟಲೆ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿ ಕಣ್ಣು ಮಂಜಾದ ನನ್ನಂಥವನಿಗೆ, ಒಂದೂ ಅನಗತ್ಯ ಸಾಲಿಲ್ಲದ ಈ ದಾಖಲೆ ಕಂಡರೆ ಹೊಟ್ಟೆಕಿಚ್ಚು.

ಉಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಂಟೆಕ್ ಓದಿದ ಚಪಲಕ್ಕೆ ಒಂದೆರಡು ಮಾತು. 1970ರ ದಶಕದ ಆರಂಭದಲ್ಲಿ ಲವ್‌ಲೆಸ್ 154ಸಿಎಂ ಎಂಬ ಉಕ್ಕನ್ನು ಚೂರಿಗೆ ತಂದ. ಶೇಕಡಾ 1ಕ್ಕಿಂತ ತುಸು ಹೆಚ್ಚು ಇಂಗಾಲ, 14ರಷ್ಟು ಕ್ರೋಮಿಯಂ, 4ರಷ್ಟು ಮಾಲಿಬ್ಡಿನಂ. ಬಿಸಿಯಲ್ಲೂ ಗಡಸುತನ ಬಿಡಬಾರದ ಯಂತ್ರಭಾಗಗಳಿಗೆ ಹೊಂದುವ ಮಿಶ್ರಣ. ತುಕ್ಕು ತಡೆಯುತ್ತದೆ, ಬಾಯಿಯನ್ನೂ ಹಿಡಿದಿಡುತ್ತದೆ. ಇದನ್ನು ಕುಲುಮೆಯಲ್ಲಿ ಬಡಿದು ಅವನು ಅಲಗು ಮಾಡಲಿಲ್ಲ, ಪಟ್ಟಿಯನ್ನು ಯಂತ್ರದಲ್ಲಿ ಉಜ್ಜಿ ಉಜ್ಜಿ ಆಕಾರ ತೆಗೆದ. ಹಾಗಾದರೆ ಇದು 'ಕೈಕೆಲಸ'ವೇ, ಸುತ್ತಿಗೆಯಲ್ಲಿ ಬಡಿದದ್ದು ಮಾತ್ರ ನಿಜವಾದ ಕತ್ತಿಯಲ್ಲವೇ ಎಂಬ ಜಗಳ ಅಮೆರಿಕದಲ್ಲಿ ಐವತ್ತು ವರ್ಷದಿಂದ ಇದೆ. ನನಗೆ ಅದು ಜಾತಿಜಗಳದಷ್ಟೇ ಸಾರವಿಲ್ಲದ್ದು. ಅಲಗಿನ ಯೋಗ್ಯತೆ ತೀರ್ಮಾನವಾಗುವುದು ಬಹುಮಟ್ಟಿಗೆ ಅದನ್ನು ಕಾಸಿ, ತಣಿಸಿ, ಮತ್ತೆ ಹದವಾಗಿ ಕಾಸುವ ಹಂತದಲ್ಲಿ ಮತ್ತು ಬಾಯಿಯ ಕೋನದಲ್ಲಿ.

ಸಂಗ್ರಹಕಾರರ ಲೋಕಕ್ಕೆ ಅದರದ್ದೇ ಆಚಾರವಿದೆ, ಮಡಿ ಅಂತಲೇ ಅನ್ನಬಹುದು. ಅಲಗನ್ನು ಬೆರಳಿನಿಂದ ಮುಟ್ಟಬಾರದು. ಬೆವರಿನ ಉಪ್ಪು ಸಾಕು, ಇಂಗಾಲದ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಚೂರಿಯನ್ನು ಅದರ ಒರೆಯಲ್ಲಿ ಇಡಬಾರದು. ಯಾಕೆಂದರೆ ಚರ್ಮ ಹದ ಮಾಡಿದ ರಾಸಾಯನಿಕ ಮತ್ತು ಅದು ಹೀರಿದ ತೇವ ಲೋಹವನ್ನು ತಿನ್ನುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಹಾಗಾಗಿ ಚೂರಿ ಒಂದು ಡಬ್ಬಿಯಲ್ಲಿ, ಒರೆ ಇನ್ನೊಂದರಲ್ಲಿ. ಎಲ್ಲಕ್ಕಿಂತ ಮುಖ್ಯ, ಅದನ್ನು ಮಸೆಯಬಾರದು. ಒಂದು ಸಲ ಸಾಣೆಗೆ ಕೊಟ್ಟರೆ ಅದು 'ಮಿಂಟ್' ಅಲ್ಲ, ಬೆಲೆ ದಡಕ್ಕನೆ ಇಳಿಯುತ್ತದೆ. ಚೂಪು ಮಾಡಿದರೆ ಬೆಲೆ ಕಳೆದುಕೊಳ್ಳುವ ಚೂರಿ! ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಮಾರಾಟದ ವಿವರಣೆಗಳಲ್ಲಿ 'ಎಂದೂ ಒಯ್ದಿಲ್ಲ, ಎಂದೂ ಮಸೆದಿಲ್ಲ' ಎಂಬುದೇ ಹೊಗಳಿಕೆ. ತಿಜೋರಿ ಬಿಟ್ಟು ಹೊರಬರದ ಇಂಥವಕ್ಕೆ ಸಂಗ್ರಹಕಾರರೇ ಇಟ್ಟ ಹೆಸರು 'ಸೇಫ್ ಕ್ವೀನ್'. ಅಂತಃಪುರದ ರಾಣಿ.

ಆನ್‌ಸೈಟ್ ಕೆಲಸದ ಮೇಲೆ ಕೆಲ ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಗ, ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬ ತನ್ನ ಸಂಗ್ರಹ ತೋರಿಸಿದ. ಬಿಳಿ ಹತ್ತಿಯ ಕೈಗವಸು ಕೊಟ್ಟು, ಹಸಿರು ಮಿಕಾರ್ಟಾ ಹಿಡಿಯ ಒಂದು ಲವ್‌ಲೆಸ್ ಚೂರಿಯನ್ನು ಅಂಗೈ ಮೇಲೆ ಇಟ್ಟ. ಮಿಕಾರ್ಟಾ ಎಂದರೆ ಕ್ಯಾನ್ವಾಸ್ ಬಟ್ಟೆಯನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ. ಒದ್ದೆಯಾದಷ್ಟೂ ಅದರ ಹಿಡಿತ ಹೆಚ್ಚು ಎನ್ನುವುದು ಅದರ ಗುಣ. ಗವಸಿನ ಹತ್ತಿಯಲ್ಲಿ ಅದು ಜಾರುತ್ತಿತ್ತು. ಆದರೂ ಸಮತೋಲ ಗೊತ್ತಾಯಿತು. ಮೊನೆ ತನ್ನಷ್ಟಕ್ಕೆ ಮುಂದಕ್ಕೆ ಹೊರಟ ಹಾಗೆ, ಕೈ ಏನೋ ಕೆಲಸ ಹುಡುಕುವ ಹಾಗೆ. ಒಂದು ಸೇಬನ್ನಾದರೂ ಹೆಚ್ಚಿದ್ದೀರಾ ಎಂದು ಕೇಳಿದೆ. ಅವನಿಗೆ ನಗು ಬರಲಿಲ್ಲ. 'ನನ್ನ ಹೆಂಡತಿಯ ಪಿಯಾನೋ ಮೇಲೆ ಬಟ್ಟೆ ಒಣಗಿಸಿದ್ದೀರಾ ಎಂದು ಕೇಳಿದ ಹಾಗಾಯಿತು' ಎಂದ. ಉತ್ತರ ಚೆನ್ನಾಗಿತ್ತು, ಸರಿ ಇರಲಿಲ್ಲ. ಸೇಬು ಹೆಚ್ಚುವುದು ಚೂರಿಗೆ ಅಪಚಾರವಲ್ಲ. ಅದು ಪಿಯಾನೋ ನುಡಿಸಿದ ಹಾಗೆ.

ಇಷ್ಟು ಹೇಳಿ ಸಂಗ್ರಹಕಾರರನ್ನು ಗೇಲಿ ಮಾಡಿ ಮುಗಿಸುವುದು ಸುಲಭ. ಆದರೆ ಅವರ ಪರವಾಗಿಯೂ ಒಂದು ಗಟ್ಟಿ ವಾದವಿದೆ, ಅದನ್ನು ಅರ್ಧ ದಾರಿಗೆ ಕೈಬಿಟ್ಟರೆ ನ್ಯಾಯವಲ್ಲ. ಬೇಟೆಗಾರನೊಬ್ಬನಿಗೆ ಬದುಕಿಡೀ ಒಂದು ಚೂರಿ ಸಾಕು, ಒಳ್ಳೆಯದಾದರೆ ಮಗನಿಗೂ ಅದೇ. ಕಾರ್ಖಾನೆಯ ಚೂರಿ ಅವನ ಕೆಲಸಕ್ಕೆ ಧಾರಾಳ. ಬರೀ ಅಂಥವರನ್ನು ನಂಬಿ ಕೂತಿದ್ದರೆ ಈ ಕುಶಲಕರ್ಮಿಗಳಲ್ಲಿ ಬಹುಪಾಲು ಜನ ವೆಲ್ಡಿಂಗ್ ಅಂಗಡಿ ಇಟ್ಟುಕೊಳ್ಳಬೇಕಾಗಿತ್ತು. 1970ರಲ್ಲಿ ಲವ್‌ಲೆಸ್ ಮತ್ತು ಇತರ ಕೆಲವರು ಸೇರಿ ನೈಫ್‌ಮೇಕರ್ಸ್ ಗಿಲ್ಡ್ ಕಟ್ಟಿದರು. ವರ್ಷ ವರ್ಷ ಪ್ರದರ್ಶನ ನಡೆಸಿದರು. ಅಲ್ಲಿ ಸಾಲುಗಟ್ಟಿ ನಿಂತು ಕೊಂಡವರಲ್ಲಿ ಬೇಟೆಗಾರರಿಗಿಂತ ಸಂಗ್ರಹಕಾರರ ಜೇಬೇ ದೊಡ್ಡದು. 1973ರ ಅಂಥ ಪ್ರದರ್ಶನದಲ್ಲೇ ಮೇರಿಲ್ಯಾಂಡಿನ ಬಿಲ್ ಮೋರನ್, ಬೇರೆ ಬೇರೆ ಉಕ್ಕನ್ನು ಪದರ ಪದರವಾಗಿ ಬೆಸೆದು ಬಡಿದ, ಮೈಮೇಲೆ ಅಲೆಯಂಥ ಚಿತ್ತಾರವಿರುವ ಅಲಗುಗಳನ್ನು ತಂದಿಟ್ಟ. ಅಮೆರಿಕದಲ್ಲಿ ಸತ್ತೇಹೋಗಿದ್ದ ವಿದ್ಯೆಗೆ ಜೀವ ಬಂತು. ಕಾಸು ಕೊಟ್ಟು ಅದನ್ನು ಬದುಕಿಸಿದವರು ಗೀರು ಬಿದ್ದರೆ ಎದೆ ಒಡೆದುಕೊಳ್ಳುವ ಇದೇ ಜನ.

ಮೋರನ್ ಅದನ್ನು 'ಡಮಾಸ್ಕಸ್' ಎಂದು ಕರೆದ, ಎಲ್ಲರೂ ಹಾಗೇ ಕರೆಯುತ್ತಾರೆ. ಹಳೆಯ ಡಮಾಸ್ಕಸ್ ಕತ್ತಿಗಳ ಅಲಗಿಗೆ ದಕ್ಷಿಣ ಭಾರತದ ಮೂಸೆ ಉಕ್ಕು ಹೋಗುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ 'ವೂಟ್ಸ್' ಎಂಬ ಹೆಸರು, ನಮ್ಮ 'ಉಕ್ಕು' ಎಂಬ ಪದದಿಂದಲೇ ಹುಟ್ಟಿದ್ದು ಎಂದು ಬಹಳ ಜನ ವಿದ್ವಾಂಸರ ಮತ. ಅದರ ಚಿತ್ತಾರ ಉಕ್ಕು ತಣಿಯುವಾಗ ಒಳಗೇ ಮೂಡಿದ್ದು, ಪದರ ಬೆಸೆದದ್ದಲ್ಲ. ಎರಡೂ ಬೇರೆ ಬೇರೆ ವಿದ್ಯೆ. ಕನ್ನಡ ಪದಕ್ಕೆ ಈ ಲೋಕದಲ್ಲಿ ಸಿಕ್ಕ ಜಾಗ ಇಷ್ಟು ಎಂದು ದಾಖಲಿಸಿ ಮುಂದೆ ಹೋಗುತ್ತೇನೆ. ಇದನ್ನು ಹಿಡಿದು ಎದೆ ಉಬ್ಬಿಸುವ ವಾಟ್ಸ್ಯಾಪ್ ಸಂದೇಶಗಳು ನಿಮಗೆ ಈಗಾಗಲೇ ಬಂದಿರುತ್ತವೆ.

ಮೋರನ್ ಮತ್ತು ಸಂಗಡಿಗರು 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟಿದರು. ಅದರ ಪರೀಕ್ಷೆಯಷ್ಟು ಅಚ್ಚುಕಟ್ಟಾದ ವಿಮರ್ಶಾ ಪದ್ಧತಿಯನ್ನು ನಾನು ಸಾಹಿತ್ಯದಲ್ಲೂ ಕಂಡಿಲ್ಲ. ಕಮ್ಮಾರ ತಾನೇ ಮಾಡಿದ ಕತ್ತಿಯಿಂದ, ತೂಗುಬಿಟ್ಟ ಒಂದು ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಅದೇ ಕತ್ತಿಯಿಂದ ಎರಡಿಂಚು ನಾಲ್ಕಿಂಚಿನ ಮರದ ತುಂಡನ್ನು ಎರಡು ಸಲ ಕಡಿದು ಹಾಕಬೇಕು. ಅಷ್ಟಾದ ಮೇಲೂ ಬಾಯಿ ತೋಳಿನ ಕೂದಲು ಬೋಳಿಸುವಷ್ಟು ಹರಿತ ಉಳಿದಿರಬೇಕು. ಕೊನೆಗೆ ಅಲಗನ್ನು ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಹರಿತಕ್ಕೆ ಗಡಸುತನ ಬೇಕು, ಬಗ್ಗುವುದಕ್ಕೆ ಮೃದುತನ ಬೇಕು, ಒಂದೇ ಅಲಗಿನಲ್ಲಿ ಬಾಯಿಗೊಂದು ಹದ, ಬೆನ್ನಿಗೊಂದು ಹದ ಕೂರಿಸಬಲ್ಲವನೇ ಪಾಸು. ಪಾಸಾದ ಕತ್ತಿ ಹಾಳಾದ ಕತ್ತಿ. ಇದಾದ ಮೇಲಷ್ಟೇ ಅವನು ಮಾಡಿದ ಬೇರೆ ಐದು ಕತ್ತಿಗಳನ್ನು ಹಿರಿಯರು ಕಣ್ಣಿನಿಂದ ಪರೀಕ್ಷಿಸುತ್ತಾರೆ: ಗೆರೆ ನೇರವೇ, ಸಂದಿದೆಯೇ, ಹೊಳಪು ಸಮವೇ.

ಗಮನಿಸಿ, ಎರಡು ಓದು. ಮೊದಲನೆಯದರಲ್ಲಿ ಕತ್ತಿ ಖರ್ಚಾಗುತ್ತದೆ, ಎರಡನೆಯದರಲ್ಲಿ ಉಳಿಯುತ್ತದೆ. ಸಂಗ್ರಹಕಾರನ ಪಾಲಿಗೆ ಬರುವುದು ಎರಡನೆಯದು ಮಾತ್ರ. ಅವನು ಕೊಂಡ ಅಲಗು ಹಗ್ಗ ಕತ್ತರಿಸುತ್ತದೆಯೇ ಎಂದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ, ಅದರ ಅಣ್ಣನೊಬ್ಬ ಎಂದೋ ಕತ್ತರಿಸಿದ್ದ ಎಂಬ ನಂಬಿಕೆ ಮಾತ್ರ. ನಂಬಿಕೆಗೆ ಆಧಾರ ಏನು? ಹೆಸರು. ಹೀಗೆ ತೀರಾ ಸಹಜವಾಗಿ, ಯಾರ ಮೋಸವೂ ಇಲ್ಲದೆ, ಬೆಲೆ ಬಾಗಿನಿಂದ ಮುದ್ರೆಗೆ ಜಾರುತ್ತದೆ.

ಕೊಡಗಿನವರಿಗೆ ಈ ಮಾತು ಬೇಗ ಹಿಡಿಸೀತು. ಬೆಳ್ಳಿ ಕೆಲಸದ ಪೀಚೆ ಕತ್ತಿ ಇವತ್ತು ಕುಪ್ಯದ ಮೇಲಿನ ಅಲಂಕಾರವೇ ಸರಿ. ಆದರೆ ಒಡಿಕತ್ತಿಯ ಪಾಡು ಬೇರೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರದಲ್ಲಿ ಅದು ಎಲ್ಲರ ಕಣ್ಣೆದುರು ಬಾಳೆದಿಂಡನ್ನು ತುಂಡರಿಸಬೇಕು. ಒಂದೇ ಏಟಿಗೆ ಬೀಳದಿದ್ದರೆ ಸುತ್ತ ನಿಂತವರ ಮುಖದಲ್ಲಿ ನಗು ತಪ್ಪುವುದಿಲ್ಲ. ಆಚರಣೆಯೊಳಗೂ ಒಂದು ಪರೀಕ್ಷೆ ಉಳಿಸಿಕೊಂಡ ಕತ್ತಿ ಅದು. ಅಮೆರಿಕದ ತಿಜೋರಿಗಳಲ್ಲಿ ಬಾಳೆದಿಂಡು ಇಲ್ಲ.

ನಮಗೆ ಇನ್ನೂ ಹತ್ತಿರದ ಕೊಂಡಿಯೊಂದಿದೆ. ಸಂಗ್ರಹಕಾರರು ಅತಿ ಹೆಚ್ಚು ಬಯಸುವ ಹಿಡಿಗಳಲ್ಲಿ 'ಇಂಡಿಯನ್ ಸ್ಟ್ಯಾಗ್' ಒಂದು. ಅದು ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಓಡಾಡುವ ಕಡವೆಯ ಕೊಂಬು. ಕಡವೆ ಕೊಂಬಿನ ಗೋಡೆ ದಪ್ಪ, ಒಳಗಿನ ಮೆತ್ತನೆ ತಿರುಳು ಕಡಿಮೆ, ಮೇಲ್ಮೈಯಲ್ಲಿ ಮರದ ತೊಗಟೆಯಂಥ ಒರಟು ಗೆರೆ. ಕೈ ಜಾರದು. ಬ್ರಿಟಿಷರ ಕಾಲದಿಂದಲೇ ಶೆಫೀಲ್ಡಿನ ಚಾಕು ಕಾರ್ಖಾನೆಗಳಿಗೆ ಇದು ಭಾರತದಿಂದ ಹಡಗು ಹತ್ತಿ ಹೋಗುತ್ತಿತ್ತು. ಕಡವೆ ಕೊಂಬು ಉದುರಿಸುತ್ತದೆ, ಮತ್ತೆ ಬೆಳೆಸುತ್ತದೆ; ಕಾಡಿನ ಜನ ಉದುರಿದ್ದನ್ನು ಹೆಕ್ಕಿ ಮಾರುತ್ತಿದ್ದರು. ಆದರೆ ಉದುರಿದ ಕೊಂಬು ಯಾವುದು, ಕೊಂದು ತೆಗೆದದ್ದು ಯಾವುದು ಎಂದು ಗೋದಾಮಿನಲ್ಲಿ ಕೂತು ಹೇಳುವುದು ಕಷ್ಟ. 1990ರ ದಶಕದ ಕೊನೆಗೆ ಭಾರತ ಈ ರಫ್ತನ್ನು ನಿಲ್ಲಿಸಿತು. ಅಂದಿನಿಂದ ಅಲ್ಲಿ 'ನಿಷೇಧಕ್ಕೆ ಮುಂಚಿನ ಹಳೆಯ ಇಂಡಿಯನ್ ಸ್ಟ್ಯಾಗ್' ಎಂಬುದು ದ್ರಾಕ್ಷಾರಸದ ಇಸವಿಯ ಹಾಗೆ ಉಚ್ಚರಿಸುವ ಮಾತಾಗಿದೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಎನ್ನುವುದು ಪುಸ್ತಕದಲ್ಲಿ ಉಳಿದದ್ದು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಕೋವಿಯ ನೆನಪಿದೆ, ಚೂರಿಯ ನೆನಪಿಲ್ಲ. ಕತೆ ಕೋವಿಯ ಸದ್ದಿಗೆ ಮುಗಿಯುತ್ತದೆ. ಆಮೇಲಿನ ಕೆಲಸ, ಸುಲಿಯುವುದು, ಕೊಯ್ಯುವುದು, ಯಾವಾಗಲೂ ಹೆಸರಿಲ್ಲದ ಯಾರದೋ ಪಾಲಿನದು. ನಾನು ಕಡವೆ ಕೊಂಬಿನ ಹಿಡಿಯ ಪರ ಅಲ್ಲ. ಕಾಯ್ದೆ ಸರಿಯಾಗಿದೆ. ಅದಿರಲಿ, ಚೂರಿಯಾಗಿ ನೋಡಿದರೂ ಹಸಿರು ಮಿಕಾರ್ಟಾ ಕೊಂಬಿಗಿಂತ ಒಳ್ಳೆಯ ಹಿಡಿ: ಬಿರುಕು ಬಿಡದು, ಕುಗ್ಗದು, ಒದ್ದೆಯಲ್ಲಿ ಬಿಗಿ. ಹೆಚ್ಚು ಬೆಲೆ ಮಾತ್ರ ಸಾಮಾನ್ಯವಾಗಿ ಕೊಂಬಿಗೆ, ದಂತಕ್ಕೆ. ಚಿನ್ನದ ಕತ್ತಿ ಎಂದು ಕುತ್ತಿಗೆ ಕುಯ್ದುಕೊಳ್ಳುತ್ತಾರೆಯೇ ಎಂಬ ನಮ್ಮ ಗಾದೆ ಈ ಮಾರುಕಟ್ಟೆಗೆ ತಲುಪಿಲ್ಲ.

ಇನ್ನು ಮುದ್ರೆಯ ವಿಷಯ. ಲವ್‌ಲೆಸ್ ಊರು ಬದಲಿಸಿದಂತೆ, ಜೊತೆಗಾರರು ಬದಲಾದಂತೆ ಅಲಗಿನ ಮೇಲಿನ ಅಕ್ಷರಗಳೂ ಬದಲಾದವು. ಡೆಲವೇರ್, ಆಮೇಲೆ ಕ್ಯಾಲಿಫೋರ್ನಿಯಾದ ಲಾನ್‌ಡೇಲ್, ಕೊನೆಗೆ ರಿವರ್‌ಸೈಡ್. ಕೆಲವು ಚೂರಿಗಳ ಮೇಲೆ ಬೆತ್ತಲೆ ಹೆಣ್ಣಿನ ಪುಟ್ಟ ಚಿತ್ರ, ಅದಿದ್ದರೆ ಬೆಲೆ ಹಾರುತ್ತದೆ. ಎರಡೂ ಬದಿಗೆ ಬಾಯಿರುವ 'ಬಿಗ್ ಬೇರ್' ಎಂಬ ದೊಡ್ಡ ಕತ್ತಿಯಂತೂ ಸಂಗ್ರಹಕಾರರ ಕನಸು. ನನ್ನ ಲೆಕ್ಕದಲ್ಲಿ ಅವನ ಕೆಲಸದಲ್ಲೇ ಅತಿ ಗದ್ದಲದ ವಸ್ತು ಅದು. ಬೇಟೆಗೂ ಬೇಡ, ಅಡುಗೆಗೂ ಬೇಡ, ನೋಡಿದವರು ಹೌಹಾರಲಿ ಎಂದಷ್ಟೇ ಹುಟ್ಟಿದ್ದು. ಸಣ್ಣ ಹಂಟರ್‌ನಲ್ಲಿ ಮಾತು ಕಡಿಮೆ, ಅರ್ಥ ಹೆಚ್ಚು. ಬೆಲೆ ಮಾತ್ರ ಉಲ್ಟಾ.

ಕರ್ತೃತ್ವದ ಪ್ರಶ್ನೆಯೂ ತೊಡಕಿನದ್ದೇ. 1970ರ ದಶಕದ ಆರಂಭದಲ್ಲಿ ಸ್ಟೀವ್ ಜಾನ್ಸನ್ ಅವನ ಜೊತೆ ಕೆಲಸ ಮಾಡಿದ. 1980ರ ದಶಕದಿಂದ ಜಿಮ್ ಮೆರಿಟ್. ಒಂದು ಚೂರಿಯಲ್ಲಿ ಯಾರ ಕೈ ಎಷ್ಟು? ಕೋಡ್ ಆದರೆ ಗಿಟ್ ಲಾಗ್ ನೋಡಿ ಯಾವ ಸಾಲು ಯಾರದು ಎಂದು ಹೇಳಬಹುದು. ಅಲಗಿಗೆ ಆ ಸೌಕರ್ಯವಿಲ್ಲ. ಅದಕ್ಕಿಂತ ಮುಖ್ಯ, 1977ರಲ್ಲಿ ಲವ್‌ಲೆಸ್, ರಿಚರ್ಡ್ ಬಾರ್ನಿ ಎಂಬುವರ ಜೊತೆ ಸೇರಿ 'ಹೌ ಟು ಮೇಕ್ ನೈವ್ಸ್' ಎಂಬ ಪುಸ್ತಕ ಬರೆದು, ತನ್ನ ಕೆಲಸದ ವಿಧಾನವನ್ನು ಹಂತ ಹಂತವಾಗಿ, ಫೋಟೋ ಸಮೇತ, ಜಗತ್ತಿನ ಮುಂದೆ ಇಟ್ಟುಬಿಟ್ಟ. ಓಪನ್ ಸೋರ್ಸ್ ಎಂಬ ಪದ ಹುಟ್ಟುವ ಮೊದಲೇ ಓಪನ್ ಸೋರ್ಸ್. ಅಮೆರಿಕದಲ್ಲಿ, ಜಪಾನಿನಲ್ಲಿ ಎಷ್ಟೋ ಜನ ಅದನ್ನು ಓದಿ ಚೂರಿ ಮಾಡಲು ಕಲಿತರು. ಜಾನ್ಸನ್ ತನ್ನದೇ ಹೆಸರಿನಲ್ಲಿ ಅದೇ ಶೈಲಿಯ ಚೂರಿ ಮಾಡಿ ದೊಡ್ಡವನಾದ. ಅವನ ಕೆಲಸ ಗುರುವಿನದಕ್ಕಿಂತ ನಯವಾಗಿದೆ ಎನ್ನುವವರೂ ಇದ್ದಾರೆ.

ಹಾಗಾಗಿ ಬಾಗು ಎಲ್ಲರಿಗೂ ಪುಕ್ಕಟೆ, ಮುದ್ರೆ ಮಾತ್ರ ಹತ್ತಾರು ಸಾವಿರ ಡಾಲರ್. ಇಂಥ ಕಡೆ ಏನಾಗಬೇಕೋ ಅದೇ ಆಗಿದೆ, ನಕಲಿ ಮುದ್ರೆಯ ಲವ್‌ಲೆಸ್ ಚೂರಿಗಳು ಮಾರುಕಟ್ಟೆಗೆ ಬಂದಿವೆ. ಅಸಲಿಯೇ ಎಂದು ನೋಡಿ ಹೇಳುವ ಪರಿಣತರಿದ್ದಾರೆ, ಪ್ರಮಾಣಪತ್ರಗಳಿವೆ. ಅಸಲಿ-ನಕಲಿ ತೀರ್ಮಾನಿಸಲು ಅವರು ನೋಡುವುದು ಅಕ್ಷರದ ಆಕಾರ, ಬೋಲ್ಟಿನ ಉಂಗುರ, ಉಜ್ಜಿದ ಗೆರೆಯ ದಿಕ್ಕು. ಕತ್ತರಿಸಿ ನೋಡುವವರಿಲ್ಲ, ನೋಡಿದರೂ ಉಪಯೋಗವಿಲ್ಲ. ಚೆನ್ನಾಗಿ ಮಾಡಿದ ನಕಲಿಯೂ ಚೆನ್ನಾಗಿಯೇ ಕತ್ತರಿಸುತ್ತದೆ. ನಕಲಿ ಮಾಡಿದವನು ಮಾಡಿದ ತಪ್ಪು ಹೆಸರು ಕದ್ದದ್ದು, ಸರಿ. ಆದರೆ ಕತ್ತರಿಸುವುದರಲ್ಲಿ ಅಸಲಿಗೆ ಸರಿಸಮ ನಿಂತ ವಸ್ತುವೊಂದು ಅಕ್ಷರ ಬೇರೆಯಾದ್ದಕ್ಕೆ ಕಸವಾಗುತ್ತದೆ ಎಂದಾದರೆ, ಇಷ್ಟು ದಿನ ಕೊಂಡಿದ್ದು ಚೂರಿಯನ್ನೋ ಸಹಿಯನ್ನೋ ಎಂದು ಕೇಳಬೇಕಾದವರು ಸಂಗ್ರಹಕಾರರೇ. ಲವ್‌ಲೆಸ್ 2010ರಲ್ಲಿ ತೀರಿಕೊಂಡ. ಹೊಸದು ಇನ್ನು ಬರುವುದಿಲ್ಲ ಎಂದಾದ ಮೇಲೆ ಈ ಪ್ರಶ್ನೆ ಕೇಳುವ ಉಮೇದು ಇನ್ನಷ್ಟು ಕಡಿಮೆಯಾಗಿದೆ.

ಇಡೀ ಲೋಕದಲ್ಲಿ ಒಂದು ಅಪವಾದ ಕಂಡೆ, ಸ್ಕೇಗಲ್. ಅವನ ಚೂರಿಗಳಲ್ಲಿ ಗೀರಿಲ್ಲದವು ಸಿಗುವುದು ಬಲು ಅಪರೂಪ, ಯಾಕೆಂದರೆ ಕೊಂಡವರು ಬಳಸಿದರು. ಚರ್ಮದ ಬಿಲ್ಲೆಗಳು ಬೆವರು ಕುಡಿದು ಕಪ್ಪಾಗಿವೆ, ಮಸೆದು ಮಸೆದು ಅಲಗಿನ ಹೊಟ್ಟೆ ಒಳಸರಿದಿದೆ. ಅವಕ್ಕೂ ಈಗ ದೊಡ್ಡ ಬೆಲೆ. ಅಂಥ ಒಂದನ್ನು ಪಾಲಿಶ್ ಮಾಡಿ ಹೊಸದರಂತೆ ಹೊಳೆಸಿದರೆ ಬೆಲೆ ಬಿದ್ದುಹೋಗುತ್ತದೆ, ಆ ಕಲೆಗಳು ಇರಲೇಬೇಕು ಎನ್ನುತ್ತಾರೆ ಅದೇ ಸಂಗ್ರಹಕಾರರು. ಅವುಗಳಲ್ಲೊಂದರ ಫೋಟೋ ನನ್ನ ಲ್ಯಾಪ್‌ಟಾಪಿನಲ್ಲಿದೆ. ಹಿಡಿಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಹೆಚ್ಚು ಸವೆದಿದೆ, ಹೆಬ್ಬೆರಳು ಕೂರುವಲ್ಲಿ ಚರ್ಮ ಬಟ್ಟಲಿನಂತೆ ತಗ್ಗಾಗಿದೆ. ಹೇಳಿ ಮಾಡಿಸಿದವನು ಎಡಗೈಯವನಿರಬೇಕು.